ಭೂತಮ್ಮನ ಶೆಡ್ಡಿನಲ್ಲಿ ಮಕ್ಕಳು ಅಳುತ್ತಿರಲಿಲ್ಲ

ಆರು ತಿಂಗಳು ತುಂಬುವವರೆಗೆ ತಾಯಿಹಾಲು ಕುಡಿಯುವ ಮಗುವಿಗೆ ನೀರು ಬೇಕಿಲ್ಲ. ಬೇಸಿಗೆಯಲ್ಲೂ ಬೇಡ, ಬಿಕ್ಕಳಿಕೆ ಬಂದರೂ ಬೇಡ, ಕಾಯಿಸಿ ಆರಿಸಿದ್ದೂ ಬೇಡ. ಎದೆಹಾಲಿನಲ್ಲಿ ಹೆಚ್ಚಿನ ಪಾಲು ನೀರೇ ಇದೆ. ಇದು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿರದಿದ್ದರೆ ಈಗ ಗೊತ್ತಾಯಿತು. ಇನ್ನು ಭೂತಮ್ಮನ ವಿಷಯಕ್ಕೆ ಬರುತ್ತೇನೆ.

ಹೊಂಗಡಹಳ್ಳ ದಾಟಿ ಬಿಸ್ಲೆ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಕಾಫಿ ಎಸ್ಟೇಟು. ಹೆಸರು ಬರೆಯುವುದಿಲ್ಲ. ಬರೆದರೆ ಮಿಕ್ಕ ಎಸ್ಟೇಟಿನವರೆಲ್ಲ ‘ಸದ್ಯ, ನಮ್ಮದಲ್ಲ’ ಅಂತ ಪೇಪರ್ ಮಡಿಸಿ ಇಟ್ಟುಬಿಡುತ್ತಾರೆ. ಭೂತಮ್ಮ ಅಲ್ಲಿನ ಕೂಲಿಯಾಳುಗಳ ಲೈನ್ ಮನೆಗೆ ಮದುವೆಯಾಗಿ ಬಂದವಳು. ಗಂಡ ಬೇಗ ಹೋದ. ಉಳಿದದ್ದು ಒಬ್ಬಳೇ ಮಗಳು, ಪುಷ್ಪ. ಒಂದು ವರ್ಷ ರೊಬಸ್ಟಾ ಕಾಫಿ ಹಣ್ಣು ಕುಯ್ಯುವಾಗ ಏಣಿ ಜಾರಿ ಭೂತಮ್ಮ ಸೊಂಟ ಮುರಿದುಕೊಂಡಳು. ಕಟ್ಟು ಹಾಕಿಸಿದರು. ಮೂಳೆ ಓರೆಯಾಗಿ ಕೂಡಿತು. ಗುಡ್ಡ ಹತ್ತಲಾಗದವಳನ್ನು ಸ್ಟೋರಿನ ಪಕ್ಕದ ಶೀಟಿನ ಶೆಡ್ಡಿನಲ್ಲಿ ಕೂರಿಸಿದರು. ಹಣ್ಣು ಕುಯ್ಯಲು ಹೋದ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುವುದು ಅವಳ ಕೆಲಸವಾಯಿತು.

ಕೊಳಕು ಹೆಂಗಸಲ್ಲ ಭೂತಮ್ಮ. ಮುದುಕಿ ಗಲೀಜು ನೀರು ಕುಡಿಸಿದಳು ಅಂತ ಹೇಳಿ ಕೈ ತೊಳೆದುಕೊಳ್ಳುವವರಿಗಾಗಿ ಇದನ್ನು ಮೊದಲೇ ಹೇಳುತ್ತಿದ್ದೇನೆ. ದಿನಾ ಬೆಳಿಗ್ಗೆ ಜೀರಿಗೆ ಹಾಕಿ ನೀರು ಕುದಿಸುತ್ತಿದ್ದಳು, ಸೋಸುತ್ತಿದ್ದಳು, ಆರಿಸುತ್ತಿದ್ದಳು. ಮೂತಿ ಇರುವ ಪುಟ್ಟ ಒಳಲೆಯನ್ನು ಬಿಸಿನೀರಲ್ಲಿ ತೊಳೆಯುತ್ತಿದ್ದಳು. ಜಂತಿಗೆ ಕಟ್ಟಿದ ಸೀರೆಯ ಜೋಲಿಗಳಲ್ಲಿ ಯಾವ ಮಗು ಮಿಸುಕಿದರೂ ಅದರ ಬಾಯಿಗೆ ಒಂದೊಂದು ಒಳಲೆ ಜೀರಿಗೆ ನೀರು. ಮಗು ಸುಮ್ಮನಾಗುತ್ತಿತ್ತು. ತನ್ನ ಶೆಡ್ಡಿನಲ್ಲಿ ಅಳು ಕೇಳಿಸುವುದಿಲ್ಲ ಅನ್ನುವುದು ಅವಳ ದೊಡ್ಡ ಹೆಮ್ಮೆ.

ಆಳುಗಳ ಲೆಕ್ಕ ಬರೆದು ಕೆಲಸ ಹಂಚುವ ರೈಟರ್ ಬಸವರಾಜು ಸ್ಟೋರಿಗೆ ಹೋಗುತ್ತಾ ಇಣುಕಿ ನೋಡಿ, “ಏನ್ ಭೂತಮ್ಮ, ಮಕ್ಕಳಿಗೆ ಹೆಂಡ ಗಿಂಡ ಕುಡ್ಸಿ ಮಲಗ್ಸಿದ್ದೀಯ? ಒಂದೂ ಕುಂಯ್ ಅನ್ನಲ್ವಲ್ಲ,” ಅನ್ನುತ್ತಿದ್ದ.

“ಹೆಂಡ ನಿಮ್ಮ ಕೈಲಿ ಉಳುದ್ರೆ ತಾನೇ ಸ್ವಾಮಿ ನಮ್ಗೆ,” ಅನ್ನುತ್ತಿದ್ದಳು ಭೂತಮ್ಮ.

ಅವಳ ಶೆಡ್ಡಿಗೆ ಇನ್ನೊಂದು ಕಟ್ಟುಪಾಡಿತ್ತು. ಬಿಸಿಲಲ್ಲಿ ದುಡಿದು ಬಂದವಳ ಎದೆಹಾಲು ಕಾದಿರುತ್ತದೆ, ಕಾದ ಹಾಲು ಕುಡಿದರೆ ಮಗುವಿಗೆ ಭೇದಿ ಹತ್ತುತ್ತದೆ ಅಂತ ಅಲ್ಲಿಯವರ ನಂಬಿಕೆ. ಹಾಗಾಗಿ ಮಧ್ಯಾಹ್ನ ಊಟದ ಬಿಡುವಿಗೆ ಓಡಿ ಬಂದ ಬಾಣಂತಿ ನೇರ ಒಳಗೆ ಹೋಗುವಂತಿಲ್ಲ. ಕೈಕಾಲು ತೊಳೆಯಬೇಕು, ಹೊರಗೆ ಹಲಸಿನ ನೆರಳಿನಲ್ಲಿ ಕೂತು ಬೆವರಾರಿಸಿಕೊಳ್ಳಬೇಕು, ಮುಂಗಡ ಹಾಲನ್ನು ನೆಲಕ್ಕೆ ಹಿಂಡಬೇಕು. ಆಮೇಲೆ ಮಗು. ಅಷ್ಟು ಹೊತ್ತು ಮಗು ತಡೆದುಕೊಳ್ಳಬೇಕಲ್ಲ, ಅದಕ್ಕೂ ಜೀರಿಗೆ ನೀರು. ಬಿಡುವಿನಲ್ಲಿ ಅರ್ಧ ಆರುವುದಕ್ಕೇ ಹೋಯಿತು. ಉಳಿದದ್ದರಲ್ಲಿ ತಾಯಿಯೂ ಎರಡು ತುತ್ತು ಉಣ್ಣಬೇಕು. ಹೊಟ್ಟೆ ತುಂಬ ನೀರಿರುವ ಮಗು ನಾಲ್ಕು ಸಲ ಚೀಪಿ ನಿದ್ದೆಹೋಗುತ್ತಿತ್ತು. ಗಂಟೆ ಹೊಡೆಯುತ್ತಿತ್ತು.

ಮಗು ಚೀಪಿದಷ್ಟೂ ಹಾಲು ಇಳಿಯುತ್ತದೆ, ಚೀಪದಿದ್ದರೆ ಇಂಗುತ್ತದೆ. ಕುಯಿಲು ಶುರುವಾಗಿ ಸ್ವಲ್ಪ ದಿನಕ್ಕೆ ಲೈನಿನ ಬಾಣಂತಿಯರೆಲ್ಲ “ಹಾಲು ಸಾಲ್ತಾ ಇಲ್ಲ ಕಣಕ್ಕ,” ಅನ್ನುತ್ತಿದ್ದರು. ಸಾಲದ್ದಕ್ಕೆ ಇನ್ನೊಂದು ಒಳಲೆ ನೀರು. ಪ್ರತಿ ವರ್ಷ ಕುಯಿಲಿನ ಕಾಲದಲ್ಲಿ ಯಾವುದಾದರೂ ಒಂದು ಮಗು ಸೊರಗಿ ಹೋಗುತ್ತಿತ್ತು. ದೃಷ್ಟಿ ಅಂತಿದ್ದರು, ಗಾಳಿ ಅಂತಿದ್ದರು. ಹಸಿವು ಅಂತ ಯಾರೂ ಅನ್ನಲಿಲ್ಲ.

ಎರಡು ಸಾವಿರದ ನಾಲ್ಕರ ದಸರಾ ಕಳೆದ ಮೇಲೆ ಪುಷ್ಪ ಹೆತ್ತಳು. ಹೆಣ್ಣು ಮಗು, ಪೂಜಿತಾ ಅಂತ ಹೆಸರಿಟ್ಟರು. ಗಂಡ ಕೆ. ಹೊಸಕೋಟೆ ಕಡೆಯವನು, ಮರದ ಕೆಲಸಕ್ಕೆ ಊರೂರು ತಿರುಗುವವನು. ರೊಬಸ್ಟಾ ಹಣ್ಣಾದಾಗ ಪುಷ್ಪ ಮಗುವನ್ನು ಅಮ್ಮನ ಶೆಡ್ಡಿನಲ್ಲಿ ಬಿಟ್ಟು ಗುಡ್ಡ ಹತ್ತಿದಳು.

ಜನವರಿಯ ಪೋಲಿಯೊ ಭಾನುವಾರ ಲೈನಿಗೆ ಬಂದ ನರ್ಸ್ ಸುಮನಾ ಪೂಜಿತಾಳನ್ನು ಎತ್ತಿಕೊಂಡವರು ಹನಿ ಹಾಕುವುದನ್ನು ಬಿಟ್ಟು ಅದರ ತೊಡೆಯ ಚರ್ಮ ಹಿಡಿದು ನೋಡಿದರು. ಚರ್ಮ ಜೋತಾಡುತ್ತಿತ್ತು.

“ಇದು ಅಳಲ್ವೇನಮ್ಮ?”

“ಇಲ್ಲ ಕಣವ್ವ, ಭಾಳ ಸಮಾಧಾನದ್ದು,” ಅಂದಳು ಭೂತಮ್ಮ.

“ಸಮಾಧಾನ ಅಲ್ಲ ಅಜ್ಜಿ, ಅಳೋಕೆ ಕಸುವಿಲ್ಲ. ಏನ್ ಕುಡಿಸ್ತೀರಿ?”

ಜೀರಿಗೆ ನೀರಿನ ಸಂಗತಿ ಹೊರಗೆ ಬಂತು, ಕಾದ ಹಾಲಿನದೂ ಬಂತು. ಹಾಲು ಮೈಯೊಳಗೆ ಕಾಯುವುದಿಲ್ಲ, ಎಷ್ಟೇ ಬೆವರಿ ಬಂದಿದ್ದರೂ ತಕ್ಷಣ ಎದೆಗೆ ಹಾಕಿಕೊಳ್ಳಬಹುದು, ನೀರು ನಿಲ್ಲಿಸಿ, ಹಗಲೂ ರಾತ್ರಿ ಹಾಲೇ ಕೊಡಿ, ನಾಳೆಯೇ ಸಕಲೇಶಪುರದಲ್ಲಿ ಡಾಕ್ಟರಿಗೆ ತೋರಿಸಿ ಅಂತ ನರ್ಸ್ ಹೇಳಿದರು. ಭೂತಮ್ಮನಿಗೆ ಕೋಪ ಬಂತು.

“ಒಂದ್ ತೊಟ್ಟೂ ಬ್ಯಾಡ ಅಂತೀಯಲ್ಲ, ನಿನ್ನ ಏನ್ ಕುಡ್ಸಿ ಸಾಕಿದ್ರು? ನೀನು ಬದುಕ್ಲಿಲ್ವ?”

“ಬದುಕ್ದೆ ಅಜ್ಜಿ. ಬದುಕದೆ ಹೋದೋರು ಬಂದು ನಿಂಗೆ ಹೇಳಲ್ಲ,” ಅಂದರು ನರ್ಸ್.

ನಾಳೆ ಅಂದರೆ ಸೋಮವಾರ, ಕೆಲಸದ ದಿನ. ಹಣ್ಣು ಉದುರುವ ಕಾಲದಲ್ಲಿ ಒಂದು ಆಳು ಕಡಿಮೆಯಾದರೂ ಮೇಲಿನವರ ಮುಖ ಸಿಂಡರಿಸುತ್ತದೆ. ವಾರದ ರಜೆಗೆ ಡಾಕ್ಟರ ಹತ್ತಿರ ಹೋಗೋಣ ಅಂದುಕೊಂಡ ಪುಷ್ಪ ಬೆಳಿಗ್ಗೆ ರೈಟರನ್ನು ಕೇಳಿದಳು: “ಅಣ್ಣ, ಹತ್ ಗಂಟೆಗೆ ಒಂದ್ಸಲ, ಮೂರಕ್ಕೆ ಒಂದ್ಸಲ ಬುಟ್ಬುಡಿ. ಮಗೀಗೆ ಹಾಲು ಕೊಟ್ಟು ಓಡಿ ಬತ್ತೀನಿ.”

“ನಿಂಗೊಬ್ಳಿಗೆ ಬುಟ್ರೆ ನಾಳೆ ಇವ್ರೆಲ್ಲ ಹೆತ್ಕೊಂಡ್ ಬತ್ತಾರೆ ಕಣವ್ವ,” ಅಂದ ಬಸವರಾಜು. “ನಿಮ್ಮವ್ವ ಐತಲ್ಲ, ನೀರ್ ಕುಡುಸ್ತದೆ, ನಡಿ.”

ಸಾಲಿನಲ್ಲಿ ನಿಂತಿದ್ದ ಹೆಂಗಸರು ನಕ್ಕರು. ಪುಷ್ಪಳೂ ನಕ್ಕಳಂತೆ. ನಗದೆ ಏನು ಮಾಡುತ್ತಾಳೆ, ನಾಳೆ ಯಾರಿಗೆ ಕೆಲಸ ಅಂತ ಹೇಳುವವನು ಅವನೇ.

ಆ ಬೆಳಿಗ್ಗೆ ಭೂತಮ್ಮ ಮೊಮ್ಮಗಳಿಗೆ ನೀರು ಕುಡಿಸಲಿಲ್ಲ. ನರ್ಸಿನ ಮೇಲೆ ಕೋಪವಿದ್ದರೂ ಮಾತು ಒಳಗೆ ಕುಟುಕಿತ್ತು. ಮಗು ಅತ್ತಿತು. ಅಳು ಅಂದರೆ ಅಳುವೂ ಅಲ್ಲ, ಬೆಕ್ಕಿನ ಮರಿಯ ಹಾಗೆ ಸಣ್ಣ ಸದ್ದು, ನಿಲ್ಲಲೇ ಇಲ್ಲ. ಭೂತಮ್ಮ ಮಗುವನ್ನು ಸೆರಗಿನಲ್ಲಿ ಸುತ್ತಿ, ಕೋಲು ಊರಿ, ಆ ಓರೆ ಸೊಂಟದಲ್ಲೇ ಗುಡ್ಡ ಹತ್ತಲು ಹೊರಟಳು. ನಡುದಾರಿಯಲ್ಲಿ ಬಸವರಾಜು ಎದುರಾದ.

“ಮಿಕ್ಕ ಮಕ್ಕಳನ್ನ ಯಾರ್ ಕೈಲಿ ಬುಟ್ಟು ಬಂದೆ? ಒಂದು ಜೋಲಿಯಿಂದ ಬಿದ್ರೆ ನಾನು ಸಾಹುಕಾರ್ರಿಗೆ ಏನ್ ಹೇಳ್ಲಿ?”

ಭೂತಮ್ಮ ಕೋಲು ತಿರುಗಿಸಿ ಊರಿದಳು. ತಿರುಗಿ ಇಳಿದಳು. ಅಮ್ಮ ಮಗುವನ್ನು ಹೊತ್ತು ಅರ್ಧ ದಾರಿ ಬಂದಿದ್ದಳು ಅಂತ ಮೇಲೆ ಹಣ್ಣು ಕುಯ್ಯುತ್ತಿದ್ದ ಪುಷ್ಪಳಿಗೆ ಗೊತ್ತೇ ಆಗಲಿಲ್ಲ. ಶೆಡ್ಡಿಗೆ ಬಂದ ಮೇಲೂ ಸದ್ದು ನಿಲ್ಲಲಿಲ್ಲ. “ಅದೆಷ್ಟೊತ್ತು ಕೇಳ್ಲಿ ಆ ಸದ್ದ,” ಅಂದಳು ಭೂತಮ್ಮ ನನ್ನ ಹತ್ತಿರ. “ಒಳಲೆ ತಗಂಡೆ. ಸುಮ್ನಾಯ್ತು.”

ಅದೇ ವಾರ ಮಗುವಿಗೆ ಶೀತ ಹಿಡಿಯಿತು. ತುಂಬಿಕೊಂಡ ಮಗುವಾಗಿದ್ದರೆ ಸೀನಿ, ಕೆಮ್ಮಿ, ಗೆದ್ದುಕೊಳ್ಳುತ್ತಿತ್ತೇನೋ. ಇದರಲ್ಲಿ ಗೆಲ್ಲಲು ಏನೂ ಉಳಿದಿರಲಿಲ್ಲ. ಶನಿವಾರ ಮಧ್ಯಾಹ್ನ ಪುಷ್ಪ ಬಿಡುವಿಗೆ ಓಡಿಬಂದಳು. ನರ್ಸ್ ಹೇಳಿದ್ದರಲ್ಲಿ ನೀರಿನ ಮಾತನ್ನು ಭೂತಮ್ಮ ಅರ್ಧ ನಂಬಿದ್ದಳು, ಕಾದ ಹಾಲಿನ ಮಾತನ್ನು ನಂಬಿರಲಿಲ್ಲ.

“ಮಲಗೈತೆ. ಮೈಯೆಲ್ಲ ಬಿಸಿಯಾಗೈತೆ ನಿಂದು. ಆರ್ಕೊಂಡು ಬಾ ಮೊದ್ಲು.”

ಪುಷ್ಪ ಹಲಸಿನ ಕೆಳಗೆ ಕೂತು ಕತ್ತು ಒರೆಸಿಕೊಂಡಳು. ಮುಂಗಡ ಹಾಲು ನೆಲಕ್ಕೆ ಹಿಂಡಿದಳು. ಬೆವರು ಆರಿದ ಮೇಲೆ ಒಳಗೆ ಹೋಗಿ ಮಗುವನ್ನು ಜೋಲಿಯಿಂದ ಎತ್ತಿ ಎದೆಗೆ ಹಾಕಿಕೊಂಡಳು. ಮಗು ಬಾಯಿ ತೆರೆಯಲಿಲ್ಲ.

ರೈಟರು ಅರ್ಧ ದಿನ ರಜೆ ಕೊಟ್ಟ. ಹಾಲೂಡಿಸಲು ಸಿಗದ ಬಿಡುವು ಮಣ್ಣು ಮಾಡಲು ಸಿಕ್ಕಿತು.

ಲೈನಿನವರೆಲ್ಲ ಸೇರಿ ಮುದುಕಿಯೇ ಮಗುವನ್ನು ಕೊಂದಳು ಅಂದರು. ತಮ್ಮ ಮಕ್ಕಳಿಗೂ ಅವಳ ಕೈಯಲ್ಲಿ ಅದೇ ನೀರು ಕುಡಿಸಿದ್ದವರೇ ಹಾಗಂದರು. ಪುಷ್ಪ ಗಂಡನ ಊರಿಗೆ ಹೋದಳು, ಅಮ್ಮನ ಜೊತೆ ಮಾತಿಲ್ಲ. ಶೆಡ್ಡಿನಲ್ಲಿ ಈಗ ಮುನಿಯಮ್ಮ ಅನ್ನುವವಳು ಕೂರುತ್ತಾಳೆ, ಅವಳೂ ಜೀರಿಗೆ ನೀರು ಕಾಯಿಸುತ್ತಾಳೆ. ಭೂತಮ್ಮ ಲೈನಿನ ಜಗಲಿಯಲ್ಲಿ ಕೂತಿರುತ್ತಾಳೆ. ನಾನು ಹೋದಾಗ ಅತ್ತು ಕರೆಯಲಿಲ್ಲ.

“ನೀರು ಕೊಟ್ಟಿದ್ದು ನಾನೇ ಕಣಪ್ಪ, ಸುಳ್ಯಾಕೆ ಹೇಳ್ಲಿ. ಕೊಡ್ಬಾರ್ದಾಗಿತ್ತು. ಆದ್ರೆ ಹಾಲು ಎಲ್ಲಿಂದ ತರ್ಲಿ ನಾನು? ಹಾಲು ಗುಡ್ಡದ ಮ್ಯಾಲೆ ಹಣ್ಣು ಕುಯ್ತಾ ಇತ್ತು.”

ಈ ಮಾತನ್ನು ನಾನು ರೈಟರಿಗೂ ಸಾಹುಕಾರರಿಗೂ ಹೇಳಿದೆ. ಸಾಹುಕಾರರು ‘ಇದೆಲ್ಲ ಅವರವರ ಪದ್ಧತಿ’ ಅಂದರು. ಕಾದ ಹಾಲಿನದು ಪದ್ಧತಿ, ಒಪ್ಪಿದೆ. ಹತ್ತು ಗಂಟೆಗೆ ತಾಯಿಯನ್ನು ಬಿಡದೆ ಇದ್ದದ್ದು ಯಾರ ಪದ್ಧತಿ? ಮಗುವಿಗೆ ಹದಿನೈದು ತಿಂಗಳಾಗುವವರೆಗೆ ತಾಯಿಗೆ ಊಟದ ಬಿಡುವಲ್ಲದೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಕೊಡಬೇಕು ಅಂತ ಕಾನೂನಿದೆ. ಅದು ದಯೆಯಲ್ಲ, ಅವಳ ಹಕ್ಕು. ಮಗುವಿಗೆ ನೀರು ಬೇಡ ಅಂತ ಅಜ್ಜಿಯರಿಗೆ ಬುದ್ಧಿ ಹೇಳುವುದು ಸುಲಭ. ಹಾಗೆ ಹೇಳುವವರು ನೀರಿನ ಜಾಗಕ್ಕೆ ತಾಯಿಯನ್ನು ಕಳಿಸಬೇಕು.

ಈ ಪೇಪರ್ ಓದುವವರಲ್ಲಿ ತೋಟ ಇರುವವರು ಬಹಳ ಜನ ಇದ್ದೀರಿ, ಎರಡೆಕರೆಯವರಿಂದ ಇನ್ನೂರೆಕರೆಯವರವರೆಗೆ. ನಾಳೆ ಬೆಳಿಗ್ಗೆ ಆಳುಗಳು ಸಾಲು ನಿಂತಾಗ ಮನೆಯಲ್ಲಿ ಮೊಲೆಕೂಸು ಬಿಟ್ಟು ಬಂದವರು ಯಾರು ಅಂತ ನೀವೇ ಕೇಳಿ, ರೈಟರಿಗೆ ಹೇಳಿ ಕಳಿಸಬೇಡಿ. ಅವಳನ್ನು ಹತ್ತು ಗಂಟೆಗೆ ಕಳಿಸಿ, ಮೂರು ಗಂಟೆಗೆ ಮತ್ತೆ ಕಳಿಸಿ. ಅವಳು ಬಾಯಿ ಬಿಟ್ಟು ಕೇಳುವವರೆಗೆ ಕಾಯಬೇಡಿ.