ನಾಲ್ವರು ಕೇಳುಗರಲ್ಲಿ ನಾನೊಬ್ಬಳು

"ಏಳು ವರ್ಷದ ಹಿಂದೆ ನಾನು ಈ ಊರಿನಲ್ಲಿ ಹಾಡಿದಾಗ ಇದ್ದದ್ದು ನಾಲ್ಕೇ ಜನ. ಅವರಲ್ಲಿ ಯಾರಾದರೂ ಬಂದಿದ್ದೀರಾ?" ವೇದಿಕೆಯ ಮೇಲಿದ್ದ ಐರ್ಲೆಂಡಿನ ಗಾಯಕಿ ಇಂಗ್ಲಿಷಿನಲ್ಲಿ ಕೇಳಿದಳು. ತಂಜಾಂಗ್ ಪಗಾರ್ ಬಡಾವಣೆಯ ಆ ಸಭಾಂಗಣದಲ್ಲಿ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಪಕ್ಕದಲ್ಲಿದ್ದ ಮಗಳು ನನ್ನ ಮೊಣಕೈ ತಿವಿದಳು. "ಅಮ್ಮಾ, ನೀನು ಹೋಗಿದ್ದೆ ಅಲ್ವಾ? ಕೈ ಎತ್ತು ಲಾ," ಎಂದು ಇಲ್ಲಿನವರ ಧಾಟಿಯಲ್ಲಿ ಒತ್ತಾಯಿಸಿದಳು.

ಎತ್ತಿದೆ. ಅಂದು ಲಂಚ್ ಬ್ರೇಕ್‌ನಲ್ಲಿ ಆಫೀಸಿನ ಹತ್ತಿರದ ಕೆಫೆಗೆ ಹೋದವಳು ಅಲ್ಲಿ ಈ ಗಾಯಕಿಯ ಹಾಡು ಕೇಳುತ್ತಾ ಕೂತುಬಿಟ್ಟಿದ್ದೆ. ಆಕೆ ಗಿಟಾರನ್ನು ಚೀಲಕ್ಕೆ ಹಾಕುವಾಗ, ಇನ್ನೊಂದು ಹಾಡಿ ಎಂದು ಕೇಳಿದ್ದೆ. ಹಾಡಿದ್ದಳು.

ಆಕೆ ನನ್ನನ್ನು ದಿಟ್ಟಿಸಿ ನೋಡಿದಳು. "ಇನ್ನೊಂದು ಹಾಡಿ ಎಂದು ಕೇಳಿದ್ದು ನೀವೇ."

ಆಮೇಲೆ ಸಭೆಗೆ ಎಲ್ಲವನ್ನೂ ಹೇಳಿದಳು. ಆಗ ಯಾವ ರೆಕಾರ್ಡಿಂಗ್ ಕಂಪನಿಯೂ ಅವಳ ಹಾಡುಗಳನ್ನು ಒಪ್ಪಿರಲಿಲ್ಲ. ಕೆಫೆಯಲ್ಲಿ ಹಾಡಿದ್ದೇ ತನ್ನ ಕೊನೆಯ ಕಾರ್ಯಕ್ರಮ ಎಂದು ನಿಶ್ಚಯಿಸಿದ್ದಳಂತೆ. ನಾನು ಕೇಳಿದಾಗ ಹಾಡಿದ್ದು ಅರ್ಧ ಬರೆದಿಟ್ಟಿದ್ದ ಹಾಡು. ಊರಿಗೆ ಮರಳಿ ಅದನ್ನು ಪೂರ್ತಿ ಮಾಡಿ, ತಾನೇ ರೆಕಾರ್ಡ್ ಮಾಡಿ ಹೊರತಂದಳು. ಇಷ್ಟು ಜನ ಬಂದದ್ದು ಅದನ್ನೇ ಕೇಳಲು.

ಹಾಡು ಶುರುವಾದಾಗ ಇಡೀ ಸಭೆ ಎದ್ದು ನಿಂತು ದನಿಗೂಡಿಸಿತು. ನಾನೂ ಸಂಕೋಚ ಬಿಟ್ಟು ಗಟ್ಟಿಯಾಗಿ ಹಾಡಿದೆ.

ಯಾರ ಕೆಲಸ ಹಿಡಿಸಿದರೂ ಈಗ ಅವರಿಗೆ ಹೇಳದೆ ಎದ್ದು ಬರುವುದಿಲ್ಲ. ಮೊನ್ನೆ ಬುಕಿತ್ ಬಾಟೋಕ್‌ನ ಹೋಟೆಲಿನಲ್ಲಿ ದೋಸೆ ಹುಯ್ಯುವ ಆಂಟಿಗೆ, ನಿಮ್ಮ ಕೈರುಚಿ ಬೇರೆಲ್ಲೂ ಸಿಗಲ್ಲ ಎಂದೆ. ಅವರು ಸೌಟು ಕೆಳಗಿಟ್ಟು ನಕ್ಕರು.