ಖೋತಾನಿನವನ ಹೇಳಿಕೆ

ಆತನ ಟೋಪಿ ಹಸಿರಾಗಿತ್ತು ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಈಗ ಖಚಿತವಿಲ್ಲ. ಉದ್ದ ತೋಳಿನ ನಿಲುವಂಗಿ ಮಾತ್ರ ಖಂಡಿತ, ಏಕೆಂದರೆ ತೊಂದರೆಯೆಲ್ಲ ಹುಟ್ಟಿದ್ದು ಆ ತೋಳಿನಿಂದ.

ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮುಂಚಿನ ಮಾತು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದು ಚಳ್ಳಕೆರೆಯಲ್ಲಿ ಕೆಲಸವಿಲ್ಲದೆ ತಿರುಗುತ್ತಿದ್ದೆ. ಆತ ಹಿಮಾಲಯದ ಆಚೆಯ ಖೋತಾನಿನವನು. ಚೀನಾದ ಆಡಳಿತಕ್ಕೆ ಸೇರಿದ್ದ ಆ ಸೀಮೆಯ ತುರ್ಕಿ ಮಾತಿನ ಜನರನ್ನು ಈಗ ಉಯ್ಗುರರು ಎನ್ನುತ್ತಾರೆ. ಅಲ್ಲಿ ಕೆಲವರು ತಮ್ಮದೇ ಸರ್ಕಾರ ಕಟ್ಟಿದ್ದರು. ಅದು ಕೆಲವೇ ತಿಂಗಳಲ್ಲಿ ಬಿದ್ದುಹೋಗಿತ್ತು. ಲಡಾಖಿನ ದಾರಿ ಹಿಡಿದು ಇಳಿದು ಬಂದ ಆತ, ರೇಷ್ಮೆಯ ಕೆಲಸ ಬಲ್ಲವನಾದ್ದರಿಂದ, ಮೊಳಕಾಲ್ಮುರಿನ ಒಬ್ಬ ನೇಕಾರರ ಮನೆಯಲ್ಲಿ ನೂಲು ಸುತ್ತುತ್ತಿದ್ದ. ನಮ್ಮೂರವರಿಗೆ ಆತ ಬರೀ ಹಿಂಗು ಮಾರುವ ಕಾಬೂಲಿ. ನಮ್ಮವ್ವ ಒಮ್ಮೆ ಬೀದಿಯಲ್ಲೇ ತಡೆದು, "ಹಿಂಗು ಐತೇನಪ್ಪ? ಹೋದ್ಸಲದ್ದು ಬರೀ ಹಿಟ್ಟು!" ಎಂದು ಜಗಳಕ್ಕೆ ನಿಂತಿದ್ದಳು.

ಹಬ್ಬಕ್ಕೆ ಟಗರು ಬೇಕೆಂದು ಆತ ನಮ್ಮ ಕುರಿ ಸಂತೆಗೆ ಬಂದ. ನಮ್ಮಲ್ಲಿ ಕುರಿಯ ಬೆಲೆ ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ಹೆಗಲ ವಲ್ಲಿಯನ್ನು ಕೈಗಳ ಮೇಲೆ ಮುಚ್ಚಿ, ಅದರ ಅಡಿಯಲ್ಲಿ ಕೊಳ್ಳುವವನ ಬೆರಳು ಒತ್ತಿ ತಿಳಿಸುತ್ತಾನೆ. ಅಂದು ವಲ್ಲಿ ಬಿಚ್ಚುವ ಮೊದಲೇ ಆತ ನಿಲುವಂಗಿಯ ತೋಳನ್ನು ಕೈಮೇಲೆ ಇಳಿಬಿಟ್ಟು ಒಳಗಿಂದ ಬೆರಳು ಚಾಚಿದ. ಅವರ ಪೇಟೆಗಳಲ್ಲೂ ಇದೇ ಪದ್ಧತಿಯಂತೆ.

"ಲೇ, ಕಾಬೂಲಿ ನಮ್ಮ ವಿದ್ಯೆ ಕದ್ದಾನೆ ನೋಡ್ರಲೇ!" ದಲ್ಲಾಳಿ ಕೂಗಿದ. ಸಂತೆಯೇ ನಕ್ಕಿತು.

ಬೇರೆ ಊರಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಪೊಲೀಸಿನವನೊಬ್ಬ ಮಾತ್ರ ನಗಲಿಲ್ಲ. ಪರದೇಶದ ಬಂಡಾಯಗಾರನೊಬ್ಬ ಬಟ್ಟೆಯ ಮರೆಯಲ್ಲಿ ಗುಟ್ಟಿನ ಸಂಜ್ಞೆ ಮಾಡುತ್ತಿದ್ದಾನೆ ಎಂದು ಅಮಲ್ದಾರರಿಗೆ ದೂರಿದ. ನನಗೆ ಹಿಂದೂಸ್ತಾನಿ ಬರುತ್ತಿದ್ದುದರಿಂದ ಅಮಲ್ದಾರರು ನನ್ನನ್ನು ಕರೆಸಿದರು.

"ಏನಯ್ಯಾ ಬಿ.ಎ., ಇವನ ಹೇಳಿಕೆ ಬರೆದು ತಾ. ಬಂಡಾಯಗಾರ ಅಂತ ಕಂಡ್ರೆ ಬಳ್ಳಾರಿ ಗಡಿ ದಾಟಿಸಿ ಬ್ರಿಟಿಷ್ ಸೀಮೆಗೆ ಕಳಿಸ್ತೀನಿ. ನಿನ್ನ ಕನಿಕರ ಅದರಲ್ಲಿ ಬೆರೆಸಬೇಡ."

ಕಚೇರಿಯ ಜಗಲಿಯಲ್ಲಿ ಕೂತು ಬರೆದೆ. ಮುಗಿದ ಮೇಲೆ ಆತನಿಗೆ ಓದಿ ಹೇಳಿದೆ: ಖೋತಾನ್ ಎಂಬ ಊರಿದೆ, ತಾನು ಅಲ್ಲಿಯವನು ಎಂದು ಹೇಳುತ್ತಾನೆ. ತಮ್ಮ ಸರ್ಕಾರದಲ್ಲಿ ಗುಮಾಸ್ತನಾಗಿದ್ದೆನೆಂದು ಹೇಳುತ್ತಾನೆ. ಸ್ವತಂತ್ರ ದೇಶ ಬಯಸಿದೆನೆಂದು ಹೇಳುತ್ತಾನೆ. ಅಲ್ಲಿಯ ಅಧಿಕಾರಿಗಳು ತಮ್ಮನ್ನು ಬಂಡಾಯಗಾರರೆಂದು ಕರೆದರೆಂದು ಹೇಳುತ್ತಾನೆ.

ಆತನ ಮುಖ ಸಪ್ಪಗಾಯಿತು. "ಎಲ್ಲಕ್ಕೂ 'ಹೇಳುತ್ತಾನೆ.' ನೀವು ನನ್ನನ್ನು ನಂಬಿಲ್ಲ."

"ನಂಬಿದ್ದೇನೆ. ಆದರೆ ಕಣ್ಣಾರೆ ಕಂಡಿಲ್ಲ. ಕಂಡವನಂತೆ ಬರೆದರೆ ಅಮಲ್ದಾರರು ಇದರಲ್ಲಿ ಒಂದು ಮಾತನ್ನೂ ನಂಬುವುದಿಲ್ಲ."

ಆತ ಕಾಗದದ ಕಡೆ ಬಾಗಿದ. "ಹಾಗಾದರೆ ಇದನ್ನೂ ಬರೆಯಿರಿ. ಬೇರೆ ದೇಶ ಬೇಕೆಂದು ನಮ್ಮವರೆಲ್ಲ ಒಪ್ಪಿರಲಿಲ್ಲ. ನನ್ನ ಅಣ್ಣನೇ ಬೇಡವೆಂದ."

ಅಣ್ಣ ಈಗೆಲ್ಲಿ ಎಂದು ಕೇಳಿದೆ. ಅದು ಬೇಡ ಎಂದ; ನಾನು ಬರೆಯಲಿಲ್ಲ.

"ಆದರೆ ಖೋತಾನ್ ಎಂಬ ಊರು ಇದೆ" ಎಂದ, ಕಾಗದದ ಮೇಲೆ ಬೆರಳಿಟ್ಟು. "ಅದಕ್ಕೆ 'ಹೇಳುತ್ತಾನೆ' ಬೇಡ."

ಆ ಒಂದು 'ಹೇಳುತ್ತಾನೆ'ಯನ್ನು ಹೊಡೆದುಹಾಕಿದೆ.

ಅಮಲ್ದಾರರು ಓದಿ, ದಲ್ಲಾಳಿಯನ್ನು ಕರೆಸಿದರು. ಅವನು, "ಕೈ ಕೊಡ್ರಿ ಸ್ವಾಮಿ" ಎಂದು ವಲ್ಲಿ ಮುಚ್ಚಿ ಅವರ ಬೆರಳು ಒತ್ತಿದ.

"ಏನೋ ಇದು?"

"ಟಗರಿನ ಬೆಲೆ ಕಣ್ರಿ. ಬಾಯಿಬಿಟ್ಟು ಹೇಳಂಗಿಲ್ಲ."

ಪೊಲೀಸಿನವನು ಕಿಟಕಿಯ ಕಡೆ ತಿರುಗಿಕೊಂಡ. ಅಮಲ್ದಾರರು ನಗುತ್ತಲೇ ಕಾಗದವನ್ನು ಮತ್ತೊಮ್ಮೆ ಓದಿದರು. ಓದುತ್ತ ನಗು ನಿಂತಿತು.

"ತನ್ನ ಅಣ್ಣನೇ ಒಪ್ಪಲಿಲ್ಲ ಅಂತಾನೆ. ಸುಳ್ಳು ಹೇಳೋನಾದ್ರೆ ಇದನ್ನ ಯಾಕೆ ಹೇಳ್ಬೇಕು?" ಎಂದು, "ಇರಲಿ ಬಿಡು. ಮೊಳಕಾಲ್ಮುರಿಗೆ ಹೋಗ್ಲಿ" ಎಂದರು.

ಹೊರಗೆ ಬಂದು ತಿಳಿಸಿದೆ. ಆತ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದ: "ಎಷ್ಟು ದಿನ ಇರಬಹುದಂತೆ?"

ಸಮಾಧಾನದ ಮಾತೊಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಮಲ್ದಾರರು ಅದನ್ನು ಹೇಳಿರಲಿಲ್ಲ.

"ಇರಲಿ ಎಂದರು" ಎಂದೆ. "ಎಷ್ಟು ದಿನ ಎಂದು ಹೇಳಲಿಲ್ಲ."