ಶಾರದಾಬೆನ್ ಚಹಾದ ಮದ್ದು

ಹಿಪ್ಪಲಿ ಬೇರಿನ ಪುಡಿಗೆ ಗುಜರಾತಿಗಳು ಗಂಠೋಡಾ ಎನ್ನುತ್ತಾರೆ. ಮೊನ್ನೆ ಅಂಗಡಿಯಲ್ಲಿ ಅದರ ಪೊಟ್ಟಣ ಬಿಚ್ಚಿ ಮೂಸಿದೆ. ಮೂಸದೆ ಏನನ್ನೂ ಕೊಳ್ಳುವವಳಲ್ಲ ನಾನು, ಅದು ಅಮ್ಮನಿಂದ ಬಂದ ಬುದ್ಧಿ. ಗಂಟಲವರೆಗೂ ಇಳಿಯುವ ಆ ಬೆಚ್ಚಗಿನ ಖಾರದ ವಾಸನೆ ಹತ್ತಿದ್ದೇ ತಡ, ಬರೋಡಾದ ಎರಡಂತಸ್ತಿನ ಮನೆ, ಅದರ ಕಿರುಗುಟ್ಟುವ ಮರದ ಮೆಟ್ಟಿಲು, ಕೆಳಗೆ ಶಾರದಾಬೆನ್ ಅಡುಗೆಮನೆಯಲ್ಲಿ ಉಕ್ಕುವ ಹಾಲು, ಎಲ್ಲ ಎದುರಿಗೆ ಬಂದು ನಿಂತವು. ಆ ಮನೆ ಈಗಿಲ್ಲ. ಅಲ್ಲಿದ್ದವರಲ್ಲಿ ಉಳಿದವಳು ನಾನೊಬ್ಬಳೇ.

ಅರವತ್ತರ ದಶಕದಲ್ಲಿ ಅಪ್ಪನ ವಿಮಾ ಕಚೇರಿ ನಮ್ಮನ್ನು ಹಾಸನದಿಂದ ಅಲ್ಲಿಗೆ ಎತ್ತಿ ಹಾಕಿತ್ತು. ಅಮ್ಮನಿಗೆ ಗುಜರಾತಿ ಬಾರದು, ಹಿಂದಿ ಅರೆಬರೆ. ಹಾಲಿನವನು ನಕ್ಕರೂ ತನ್ನನ್ನು ನೋಡಿಯೇ ನಕ್ಕನೆಂದು ಅವಳ ಗುಮಾನಿ. ನಂಬಿದ್ದು ಮನೆಯೊಡತಿ ಶಾರದಾಬೆನ್ ಒಬ್ಬರನ್ನೇ. ಅಪ್ಪನಿಗಿಂತ ಹತ್ತು ವರ್ಷ ದೊಡ್ಡವರಾದ ಆ ವಿಧವೆಯೂ ಅಮ್ಮನೂ ಮಧ್ಯಾಹ್ನವೆಲ್ಲ ಅವರೆಕಾಯಿ ಬಿಡಿಸುತ್ತ, ಒಬ್ಬರ ಮಾತು ಒಬ್ಬರಿಗೆ ತಿಳಿಯದೆಯೇ ನಗುತ್ತಿದ್ದರು. ಮಾತು ತೀರ ತೊಡರಿಕೊಂಡರೆ ದುಭಾಷಿ ನಾನು. ಎಂಟು ವರ್ಷದವಳು, ಗುಜರಾತಿ ಬೀದಿಯಲ್ಲಿ ಕಲಿತದ್ದು, ಕನ್ನಡ ಅಮ್ಮನ ಬಾಯಿಂದ ಕೇಳಿದಷ್ಟೇ.

ಆ ಚಳಿಗಾಲ ಅಪ್ಪ ಕಚೇರಿಯಿಂದ ಬಂದವರು ಕೆಳಗೆ ಚಹಾ ಕುಡಿದೇ ಮೇಲೆ ಬರತೊಡಗಿದರು. ಊರಿಂದ ಪಾರ್ಸೆಲ್ ತರಿಸಿದ ಪುಡಿಯ ಕಾಫಿ ಲೋಟದಲ್ಲೇ ಕೆನೆಗಟ್ಟಿತು. "ಕಾಫಿ ಬೇಡ ಅನ್ನೋ ಮನುಷ್ಯರೇ ಅಲ್ಲ ಇವರು. ಆ ಚಹಾಕ್ಕೆ ಏನೇನು ಹಾಕ್ತಾರೆ, ನೋಡ್ಕೊಂಡು ಬಾ ಹೋಗೇ," ಎಂದು ಅಮ್ಮ ನನ್ನನ್ನು ಅಟ್ಟಿದಳು. ಹೋಗಿ ಒಲೆಯ ಪಕ್ಕ ಕೂತೆ. ಶಾರದಾಬೆನ್ ಶುಂಠಿ ಜಜ್ಜಿದರು, ಏಲಕ್ಕಿ ಗುದ್ದಿದರು, ನಾಲ್ಕು ಮೆಣಸು, ಮಜ್ಜಿಗೆ ಹುಲ್ಲಿನ ಎರಡು ಗರಿ ಹಾಕಿದರು; ನೀರು ಬಣ್ಣ ತಿರುಗಿದ ಮೇಲೆ ಹಾಲು ಸುರಿದರು. ಕೊನೆಗೆ ಹಿತ್ತಾಳೆ ಡಬ್ಬಿಯಿಂದ ಚಿಟಿಕೆ ಬೂದು ಪುಡಿ, ಅದೂ ಅಪ್ಪನ ಕಪ್ಪಿಗೆ ಮಾತ್ರ. ಏನದು ಎಂದು ಕೇಳಿದೆ. "ದವಾ ಛೇ ದೀಕ್ರೀ, ತಾರಾ ಬಾಪುಜೀ ಮಾಟೆ," ಎಂದರು. ಔಷಧಿ ಮಗಳೇ, ನಿಮ್ಮಪ್ಪನಿಗೆ ಎಂದಷ್ಟೇ ಆ ಮಾತಿನ ಅರ್ಥ.

ಮೆಟ್ಟಿಲು ಹಾರಿಕೊಂಡು ಬಂದು ಹೇಳಿದೆ: "ಮದ್ದಂತಮ್ಮಾ. ಅಪ್ಪಂಗೆ ಮಾತ್ರ ಹಾಕ್ತಾರೆ."

ನಿಮಗೂ ಗೊತ್ತು, ನಮ್ಮಲ್ಲಿ ಔಷಧಿಯೂ ಮದ್ದೇ, ಗಂಡಸನ್ನು ಮರುಳು ಮಾಡಲು ಗುಟ್ಟಾಗಿ ತಿನ್ನಿಸುವುದೂ ಮದ್ದೇ. ನಾನು ಹೇಳಿದ್ದು ಮೊದಲನೆಯದು, ಅಮ್ಮನಿಗೆ ಕೇಳಿಸಿದ್ದು ಎರಡನೆಯದು. ಇನ್ನು ಕೆಳಗೆ ಚಹಾ ಕುಡಿಯಕೂಡದೆಂದು, ಕಾರಣ ಹೇಳದೆ, ಅಪ್ಪನಿಂದ ಆಣೆ ಹಾಕಿಸಿಕೊಂಡಳು. ಮನೆಯ ನೆಮ್ಮದಿಗೆಂದು ಅಪ್ಪ ಒಪ್ಪಿದರು. ಚಹಾ ಶುರುವಾದ ಮೇಲೆ ತಗ್ಗಿದ್ದ ಅವರ ಬೆಳಗಿನ ಜಾವದ ಕೆಮ್ಮು ಮತ್ತೆ ಜೋರಾಯಿತು. ಅದು ಕೆಳಗೂ ಕೇಳಿಸಿರಬೇಕು, ಒಂದು ದಿನ ಶಾರದಾಬೆನ್ ತಾವೇ ಬಸಿ ಮುಚ್ಚಿಕೊಂಡು ಚಹಾ ತಂದರು. ಅಮ್ಮ ಅವರ ಎದುರಿಗೇ ಅದನ್ನು ಬಚ್ಚಲಿಗೆ ಸುರಿದು, ಕಪ್ಪು ತೊಳೆದು ಕೈಗಿಟ್ಟಳು. ಏನಾಯಿತೆಂದು ನೀನಾದರೂ ಹೇಳು ಎನ್ನುವಂತೆ ಅವರು ನನ್ನ ಮುಖ ನೋಡಿದರು.

ಮರುವರ್ಷ ಸೂರತ್ತಿಗೆ ವರ್ಗವಾಯಿತು. ಅಮ್ಮ ಪರಿಚಯದವರಿಗೆ, "ನಮ್ಮೆಜಮಾನ್ರಿಗೆ ಮದ್ದು ಹಾಕಿದ್ಲು ಕಣ್ರೀ ಆಯಮ್ಮ," ಎನ್ನುವುದು ಅಷ್ಟರಲ್ಲಿ ನನ್ನ ಕಿವಿಗೂ ಬಿದ್ದಿತ್ತು. ಅಲ್ಲಿನ ಉಧ್ನಾ ಬಡಾವಣೆಯ ದವಾಖಾನೆಯಲ್ಲಿ ಕಂಪೌಂಡರ್ ಅಪ್ಪನ ಕೆಮ್ಮಿಗೆ ಬಾಟಲಿ ಕೊಡುತ್ತ "ಆ ದವಾ ಛೇ" ಎಂದ. "ಏನಂತೇ?" ಎಂದಳು ಅಮ್ಮ. "ಔಷಧಿಯಂತೆ," ಎಂದೆ. ಎಂದ ಮೇಲೆ ಹೊಳೆಯಿತು, ಬರೋಡಾದಲ್ಲಿ ಇದೇ ಮಾತಿಗೆ ನಾನು ಮದ್ದು ಎಂದಿದ್ದೆ.

ಆಗಲೇ ಹೇಳಬಹುದಿತ್ತು. ಏಟು ಬೀಳುವ ಭಯಕ್ಕೆ ಹೇಳಲಿಲ್ಲ. ದೊಡ್ಡವಳಾದ ಮೇಲೆ ಭಯ ಹೋಗಿ ನಾಚಿಕೆ ಬಂತು, ಆಗಲೂ ಹೇಳಲಿಲ್ಲ. ಅಮ್ಮ ಕೊನೆಯವರೆಗೂ ಯಾರ ಮನೆಯಲ್ಲೂ ಮೂಸದೆ ಚಹಾ ಕುಡಿಯಲಿಲ್ಲ. ಮತ್ತೆ ಯಾವ ಊರಲ್ಲೂ ಯಾರ ಜೊತೆಗೂ ಕೂತು ಅವರೆಕಾಯಿ ಬಿಡಿಸಲಿಲ್ಲ. ಅವಳಿಗಿದ್ದ ಒಬ್ಬಳೇ ಗೆಳತಿಯನ್ನು ಕಳೆದವಳು ನಾನು.

ಇವತ್ತು ಅದೇ ಪುಡಿ ಹಾಕಿ ಚಹಾ ಮಾಡಿದೆ. ಲೋಟಕ್ಕೆ ಬಗ್ಗಿಸುವಾಗ, ಯಾರೂ ಇಲ್ಲದ ಅಡುಗೆಮನೆಯಲ್ಲಿ, ಜೋರಾಗಿಯೇ ಹೇಳಿದೆ: "ಕೆಮ್ಮಿನ ಮದ್ದು ಕಣಮ್ಮಾ."